ಬಿಲಕ್ಕಿಂತ ಮೊದಲೇ ಬಂದ ಬಾಗಿಲು

ಮಕ್ಕಳೇ, ಹಳ್ಳದ ದಂಡೆಯ ಕುರುಚಲು ಕಾಡಿನಲ್ಲಿ ಕೆಂಚನೆಂಬ ಮುಂಗುಸಿ ಇದ್ದ. ಹಿಡಿದ ಕೆಲಸ ಚಿಟಿಕೆ ಹೊಡೆಯುವುದರಲ್ಲಿ ಮುಗಿಯಬೇಕು, ಮುಗಿದದ್ದನ್ನು ಹತ್ತು ಜನ ನೋಡಬೇಕು, ಇದೇ ಅವನ ಆಸೆ.

ಮಳೆ ಜೋರಾದರೆ ಹಳ್ಳ ಉಕ್ಕಿ ದಂಡೆಯ ಬಿಲಗಳಿಗೆ ನೀರು ನುಗ್ಗುತ್ತಿತ್ತು. ಈ ಸಲ ಮರಿಗಳಿಗಾಗಿ ದಿಬ್ಬದ ಮೇಲೊಂದು ದೊಡ್ಡ ಬಿಲ ಮಾಡೋಣವೆಂದು ಎಲ್ಲರೂ ತೀರ್ಮಾನಿಸಿದರು. ಹಂದಿಯಣ್ಣ ಅಗೆಯಬೇಕು, ಅಳಿಲುಗಳು ಹುಲ್ಲು ಹಾಸಬೇಕು, ಕರಡಿಮಾವ ಬಾಗಿಲಿಗೆ ಬಂಡೆ ಇಡಬೇಕು. ಮೇಸ್ತ್ರಿ ಕೆಂಚ.

ಬೆಳಗ್ಗೆಯೇ ಬಂದ ಹಂದಿಯಣ್ಣನಿಗೆ, ನಿನ್ನದು ಹೊತ್ತು ಹಿಡಿಯುವ ಕೆಲಸ, ಆಮೇಲೆ ಬಾ ಎಂದು ಕೆಂಚ ಹೇಳಿ ಕಳಿಸಿದ. ಜೇನು ಹುಡುಕಿ ಹೊರಟಿದ್ದ ಕರಡಿಮಾವನನ್ನು ತಡೆದು, ಅವನಿಂದ ಬಾಗಿಲಿನ ಜಾಗಕ್ಕೆ ಬಂಡೆ ಇಡಿಸಿದ. ಹಾಸಲು ಬಿಲವೇ ಇಲ್ಲದ್ದರಿಂದ ಅಳಿಲುಗಳು ಹುಲ್ಲನ್ನು ಬಂಡೆಯ ಮುಂದೆಯೇ ಹಾಸಿದವು.

ಮಧ್ಯಾಹ್ನ ಹಂದಿಯಣ್ಣ ಮತ್ತೆ ಬಂದ. ದಿಬ್ಬವೆಲ್ಲ ಕಲ್ಲು, ಮೆತ್ತನೆಯ ಮಣ್ಣಿದ್ದದ್ದು ಒಂದೇ ಕಡೆ, ಅದರ ಮೇಲೆ ಬಂಡೆ ಕೂತಿತ್ತು. ಕರಡಿಮಾವ ಜೇನಿಗೆ ಹೋಗಿಯಾಗಿತ್ತು; ಉಳಿದವರೆಲ್ಲ ಸೇರಿ ನೂಕಿದರೂ ಅದು ಮಿಸುಕಲಿಲ್ಲ.

"ಮೂರರಲ್ಲಿ ಎರಡು ಕೆಲಸ ಮುಗಿದಿವೆಯಲ್ಲ," ಎಂದ ಕೆಂಚ.

"ಹೌದಪ್ಪ, ಬಾಗಿಲಿದೆ, ಹಾಸಿಗೆಯಿದೆ. ಮನೆ ಒಂದಿಲ್ಲ," ಎಂದಳು ಜೊತೆಗೆ ನೂಕುತ್ತಿದ್ದ ಮೊಲಕ್ಕ.

ಅಷ್ಟರಲ್ಲಿ ಗುಡುಗಿತು. ಮೇಲೆಲ್ಲೋ ಮಳೆಯಾಗಿ ಹಳ್ಳ ಏರಿ, ದಂಡೆಯ ಬಿಲಗಳಿಗೆ ನೀರು ನುಗ್ಗತೊಡಗಿತು. ಒದ್ದೆಯಾಗಿ ನಡುಗುತ್ತಿದ್ದ ಮರಿಗಳನ್ನು ನೋಡಿ ಕೆಂಚ ಕರಡಿಮಾವನಿದ್ದ ಮರದ ಬುಡಕ್ಕೆ ಓಡಿದ. ಮೊಲಕ್ಕನೂ ಬೆನ್ನುಹತ್ತಿದಳು. ಮೇಲೆ ಕೂತು ಜೇನು ನೆಕ್ಕುತ್ತಿದ್ದ ಮಾವ, ಇವತ್ತಿನ ಕೆಲಸ ಆಯಿತು, ಇನ್ನೇನಿದ್ದರೂ ನಾಳೆ ಎಂದುಬಿಟ್ಟ.

ಮೊಲಕ್ಕ ಮೆಲ್ಲಗೆ, ಆದರೆ ಮೇಲಿದ್ದವನಿಗೆ ಕೇಳುವಷ್ಟು ಜೋರಾಗಿ ಹೇಳಿದಳು: "ಹೋಗಲಿ ಬಿಡು ಕೆಂಚ. ಬಂಡೆಯ ಕೆಳಗಿನ ಜೇನನ್ನು ನಾವೇ ತಿಂದರಾಯಿತು."

ಕರಡಿಮಾವ ದೊಪ್ಪನೆ ಕೆಳಗಿಳಿದ. ಒಂದೇ ಉಸಿರಿಗೆ ದಿಬ್ಬ ಹತ್ತಿ, ಬಂಡೆ ಸರಿಸಿ, ಎರಡೂ ಕೈಯಲ್ಲಿ ಮಣ್ಣು ಬಗೆಯತೊಡಗಿದ. ಇನ್ನೂ ಸ್ವಲ್ಪ ಒಳಗೆ, ಇನ್ನೂ ಸ್ವಲ್ಪ ಎಂದು ಮೊಲಕ್ಕ ಹುರಿದುಂಬಿಸಿದಳು. ಹಂದಿಯಣ್ಣ ಮಣ್ಣು ಹೊರದೂಡಿದ. ಮಳೆ ಧೋ ಎಂದು ಸುರಿಯುವ ಹೊತ್ತಿಗೆ ಮರಿಗಳೆಲ್ಲ ಒಳಗೆ ಬೆಚ್ಚಗಿದ್ದವು.

ಮುಖವೆಲ್ಲ ಕೆಸರಾದ ಮಾವ ಕೇಳಿದ: "ಜೇನೆಲ್ಲಿ?"

"ಮೇಸ್ತ್ರಿಯನ್ನು ಕೇಳು ಮಾವ," ಎಂದಳು ಮೊಲಕ್ಕ.

ಮಳೆ ಬಿಟ್ಟ ಕೂಡಲೇ ತಂದುಕೊಡುತ್ತೇನೆಂದು ಕೆಂಚ ಒಪ್ಪಲೇಬೇಕಾಯಿತು. ಮರುದಿನ ಪೊಟರೆಯೊಂದರಲ್ಲಿ ಜೇನು ಕಂಡಿತು. ಕೆಂಚ ಮೊದಲು ಮೂತಿ ತೂರಿಸಿದ, ಹುಳಗಳ ಬಗ್ಗೆ ಆಮೇಲೆ ಯೋಚಿಸಿದ. ಬದನೆಕಾಯಿಯಂತೆ ಊದಿದ ಮೂತಿ ಹೊತ್ತು ಬಂದವನನ್ನು ಕಂಡು, ಹೊಸ ಬಿಲದ ಮರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕವು.

ನೀತಿ: ಯಾವ ಕೆಲಸ ಬೇಗ ಮುಗಿಯುತ್ತದೆ ಎಂದಲ್ಲ, ಯಾವುದು ಆಗದಿದ್ದರೆ ಉಳಿದ ಕೆಲಸಗಳು ಸಾಗುವುದಿಲ್ಲ ಎಂದು ಮೊದಲು ನೋಡಬೇಕು.