ಅರಿಶಿನ ಬಣ್ಣದ ಬೈಕು

ಒಂದು ಪೇಟೆಯ ಶೋರೂಮಿನಲ್ಲಿ ಕಪ್ಪು ಬೈಕುಗಳ ನಡುವೆ ಅರಿಶಿನ ಬಣ್ಣದ ಬೈಕೊಂದು ನಿಂತಿತ್ತು. ಬಂದವರೆಲ್ಲ ಅದನ್ನು ನೋಡಿ ನಕ್ಕು, ಕಪ್ಪನ್ನೇ ಕೊಂಡು ಹೋಗುತ್ತಿದ್ದರು.

"ಕಂಪನಿಯವರಿಗೆ ನಿನ್ನ ಮೇಲೆ ಏನು ಕೋಪವಿತ್ತೋ! ನಾಲ್ಕು ಜನ ಮೆಚ್ಚಿದ್ದೇ ಬಣ್ಣ," ಎಂದಿತು ಪಕ್ಕದ ಕಪ್ಪು ಬೈಕು.

"ನನ್ನನ್ನು ಒಬ್ಬರು ಮೆಚ್ಚಿದರೆ ಸಾಕು," ಎಂದಿತು ಅರಿಶಿನ. ಆದರೂ ಆ ಒಬ್ಬರು ಬರುವರೋ ಇಲ್ಲವೋ ಎಂಬ ಅಳುಕು ಅದಕ್ಕೆ ಇದ್ದೇ ಇತ್ತು.

ಒಂದು ದಿನ ನರ್ಸ್ ಪಂಕಜಾಕ್ಷಿ ತನ್ನ ಮೈದುನ ಚೆಲುವರಾಜನೊಡನೆ ಬೈಕು ಕೊಳ್ಳಲು ಬಂದಳು.

"ಕಪ್ಪು ತಗೊಳ್ಳಿ ಅತ್ತಿಗೆ. ಮಾರುವಾಗ ಒಳ್ಳೆ ಬೆಲೆ ಬರುತ್ತೆ," ಎಂದ ಮೈದುನ.

"ನಾನು ತಗೊಳ್ತಿರೋದು ಓಡಿಸೋಕೆ ಕಣಪ್ಪ, ಮಾರೋಕಲ್ಲ," ಎಂದು ಪಂಕಜಾಕ್ಷಿ ಅರಿಶಿನದ ಟ್ಯಾಂಕನ್ನು ಅಕ್ಕರೆಯಿಂದ ಸವರಿ, ಅದನ್ನೇ ಕೊಂಡಳು. ಅರಿಶಿನಕ್ಕೆ ಹೋದ ಜೀವ ಬಂದಂತಾಯಿತು. ಚೆಲುವರಾಜ ಪಕ್ಕದ ಕಪ್ಪು ಬೈಕನ್ನು ತನಗೆಂದು ಕೊಂಡ.

ಮುಂದೊಮ್ಮೆ ಇಬ್ಬರೂ ತಮ್ಮ ತಮ್ಮ ಬೈಕಿನಲ್ಲಿ ಒಂದು ಮದುವೆಗೆ ಹೋದರು. ಊಟ ಮುಗಿಸಿ ಬಂದರೆ ಛತ್ರದ ಮುಂದೆಲ್ಲ ಕಪ್ಪು ಬೈಕುಗಳೇ. ಚೆಲುವರಾಜ ಯಾರದೋ ಬೈಕಿಗೆ ಕೀ ಹಾಕಿ ಬೈಸಿಕೊಂಡ. ಆಮೇಲೆ ತನ್ನದನ್ನೇ ದಾಟಿಕೊಂಡು ಮುಂದೆ ಹೋದ.

"ಎಲ್ಲಿ ಹೋಗ್ತಿದ್ದೀಯೋ? ನನ್ನ ಬೈಕು ಕಾಣ್ತಿದೆಯಲ್ಲ, ಅದರ ಪಕ್ಕದ್ದೇ ನಿನ್ನದು," ಎಂದು ಪಂಕಜಾಕ್ಷಿ ಕೂಗಿದಳು.

ಕಪ್ಪು ಬೈಕು ಮೆಲ್ಲಗೆ, "ಇನ್ನು ಮೇಲೆ ಎಲ್ಲಿಗೆ ಹೋದರೂ ನಿನ್ನ ಪಕ್ಕವೇ ನಿಲ್ಲಲೇ?" ಎಂದು ಕೇಳಿತು.

"ಧಾರಾಳವಾಗಿ ನಿಲ್ಲು," ಎಂದಿತು ಅರಿಶಿನ.