ತಿರುಗುಗುದುರೆ

ತೊಗರಿಕಟ್ಟಿಯ ದಾರಿ ಎರಡಾಗಿ ಕವಲೊಡೆಯುವಲ್ಲಿ ಎದೆಯೆತ್ತರದ ಕಲ್ಲುಕುದುರೆಯೊಂದು ಪಡುವಣಕ್ಕೆ ಮುಖಮಾಡಿ ನಿಂತಿದೆ. ಬಸ್ಸಿನವರಿಗೆ ಅದು ಬರೀ ಕುದುರೆ ಕ್ರಾಸ್. ಹಿರಿಯರು ಮಾತ್ರ ಇಂದಿಗೂ ತಿರುಗುಗುದುರೆ ಎನ್ನುತ್ತಾರೆ. ಈ ಹೆಸರು ಬಳಕೆಗೆ ಬಂದದ್ದು ಚಿತ್ರಗಾರ ಮಾನಪ್ಪನ ಕಾಲದಲ್ಲಿ.

ಹಿಂದೆ ಒಮ್ಮೆ ಜಲ್ಲಿ ರಸ್ತೆ ಮಾಡುವಾಗ ಕುದುರೆಯನ್ನು ಕಿತ್ತು ಹಳ್ಳಕ್ಕೆ ಉರುಳಿಸಿದ್ದರು. ನಲವತ್ತು ವರ್ಷ ಅದು ಅಲ್ಲೇ ಬಿದ್ದಿತ್ತು. ಮತ್ತೆ ನಿಲ್ಲಿಸಬೇಕೆಂದಾಗ ಜಗಳ ಹತ್ತಿತು. ನಮ್ಮ ಕಡೆಗೇ ನೋಡುತ್ತಿತ್ತೆಂದು ಮೂಡಣದ ಹಳೇ ತೊಗರಿಕಟ್ಟಿಯವರು. ಅಲ್ಲ, ನಮ್ಮ ಕಡೆಗೆ ಎಂದು ಪಡುವಣದ ಹೊಸ ತೊಗರಿಕಟ್ಟಿಯವರು. ಕುದುರೆ ತಾನು ನೋಡುವ ಊರನ್ನು ಕಾಯುತ್ತದೆಂಬ ನಂಬಿಕೆಯಿಂದ ಯಾರೂ ಬಿಟ್ಟುಕೊಡಲಿಲ್ಲ. ಹೆಣ್ಣು ಕೊಡುವುದೂ ತರುವುದೂ ನಿಂತುಹೋಯಿತು. ಕೊನೆಗೆ, ಹೊರಗಿನವನಾದ ಮಾನಪ್ಪ ಹಳೆಯ ಫೋಟೋ ನೋಡಿ ಬಸ್ ನಿಲ್ದಾಣದ ಗೋಡೆಗೆ ಚಿತ್ರ ಬರೆಯಲಿ, ಅದರಂತೆ ಕಲ್ಲು ನಿಲ್ಲಿಸೋಣ ಎಂದು ಒಪ್ಪಿದರು.

ಒಂದೊಂದು ಊರಿನಿಂದ ಒಂದೊಂದು ಫೋಟೋ ಬಂತು. ಗೋಡೆಗೆ ಸುಣ್ಣ ಬಳಿದು ಗೆರೆ ಹಾಕಲು ಕೂತ ಮಾನಪ್ಪನ ಕೈ ಅಲ್ಲೇ ನಿಂತಿತು. ಒಂದರಲ್ಲಿ ಕುದುರೆ ಮೂಡಣಕ್ಕೆ ನೋಡುತ್ತಿದೆ, ಇನ್ನೊಂದರಲ್ಲಿ ಪಡುವಣಕ್ಕೆ. ಯಾವುದೋ ಒಂದನ್ನು ತಿರುವುಮುರುವಾಗಿ ಅಚ್ಚು ಹಾಕಿರಬೇಕೆಂದು ಕನ್ನಡಿ ಹಿಡಿದ. ಕನ್ನಡಿಯೊಳಗೆ ಕುದುರೆಯೇನೋ ತಿರುಗಿತು, ಜೊತೆಗೆ ಹಿಂದಿನ ಹುಣಸೆಮರವೂ ಆಚೆ ಬದಿಗೆ ಹೋಯಿತು. ಫೋಟೋಗಳಲ್ಲಾದರೆ ಮರ ಎರಡರಲ್ಲೂ ಒಂದೇ ಬದಿಗಿತ್ತು. ಕುದುರೆ ಎರಡಿದ್ದವೇ ಎಂದರೆ, ಎರಡಕ್ಕೂ ಅದೇ ಮುಕ್ಕಾದ ಎಡಗಿವಿ. ಎರಡು ದಿನ ಗೆರೆ ಹಾಕಿದ, ಅಳಿಸಿದ. ತನ್ನ ಕಣ್ಣಿನ ಮೇಲೇ ಅವನಿಗೆ ನಂಬಿಕೆ ಹೋಯಿತು.

ಮೂರನೆಯ ದಿನ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು. ದೂರದೂರಿಗೆ ಮದುವೆಯಾಗಿ ಹೋದ ಶೇಕವ್ವ, ತವರಿಗೆ ಬಂದಿದ್ದಳು.

"ಯಾಕ ತಮ್ಮಾ, ಅಳಿಸೇ ಅಳಸಾಕತ್ತಿ?"

"ಎರಡರಾಗ ಖರೇದ್ದು ಯಾವುದು ತಿಳಿವಲ್ದು, ಆಯಿ."

"ಎರಡೂ ಖರೇನ. ನಮ್ಮವ್ವ ತಿರುಗಿಸಿದ್ದು."

ಅವಳು ಹೇಳಿದ್ದು ಪ್ಲೇಗಿನ ವರ್ಷದ ಮಾತು. ಊರೇ ಖಾಲಿಯಾಗಿ ಪಡುವಣದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಮುಂದೆ ಅದೇ ಹೊಸ ತೊಗರಿಕಟ್ಟಿಯಾಯಿತು. ಅವಳ ತಾಯಿ ನೀಲವ್ವನ ಗಂಡ ಅರಳೆ ಗಾಡಿ ಹೊಡೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದ. ತಿಳಿಯದೆ ಬಂದವನು ನೇರವಾಗಿ ಇಲಿ ಸತ್ತ ಮನೆಯೊಳಗೇ ಕಾಲಿಡುತ್ತಾನೆ. ಬರೆದಿಡೋಣವೆಂದರೆ ಅವನಿಗೆ ಅಕ್ಷರ ಬಾರದು. ಕೂಸನ್ನು ಹುಣಸೆಮರದಡಿ ಮಲಗಿಸಿ, ನೀಲವ್ವ ಮತ್ತೆ ಮೂವರು ಹೆಂಗಸರು ಹಾರೆ ಹಾಕಿ ಮೀಟಿ, ಕುದುರೆಯ ಮುಖವನ್ನು ಗುಡಿಸಲುಗಳ ಕಡೆಗೆ ತಿರುಗಿಸಿದರು. ಎಂಟನೆಯ ದಿನ ನೀಲವ್ವನಿಗೇ ಗಡ್ಡೆ ಎದ್ದು ಆಕೆ ತೀರಿಕೊಂಡಳು. ತಿಂಗಳೊಪ್ಪತ್ತಿನ ಮೇಲೆ ಬಂದ ಗಂಡ ಕುದುರೆ ಕಂಡು ಗಾಬರಿಯಾಗಿ, ಅದು ನೋಡುತ್ತಿದ್ದ ಕಡೆಗೇ ಗಾಡಿ ಹೊಡೆದ. ಅಲ್ಲಿ ಅವನ ಪಾಲಿಗೆ ಕೂಸೊಂದೇ ಉಳಿದಿತ್ತು.

"ಆ ಕೂಸು ನಾನ," ಎಂದಳು ಶೇಕವ್ವ.

ಸುದ್ದಿ ಕೇಳಿ ಎರಡೂ ಊರಿನ ಹಿರಿಯರು ಸೇರಿದರು. ನೀಲವ್ವ ಹಳೇ ಊರಿನ ಸೊಸೆ, ಹೊಸ ಊರಿನಲ್ಲಿ ಮಣ್ಣಾದವಳು. ಯಾರೂ ವಾದಕ್ಕೆ ನಿಲ್ಲಲಿಲ್ಲ. ಆಕೆ ತಿರುಗಿಸಿದ್ದನ್ನು ಮತ್ತೆ ತಿರುಗಿಸಬಾರದೆಂದು ಹಳೇ ಊರಿನವರೇ ಕುದುರೆ ಎತ್ತಲು ಮೊದಲು ಹಗ್ಗ ಹಿಡಿದರು.

ಆ ದಿನ ಬಸ್ಸು ಬರುವ ಮುಂಚೆ ಮಾನಪ್ಪ ಶೇಕವ್ವನನ್ನು ಕೇಳಿದ್ದ: "ನಿಮ್ಮವ್ವ ನೋಡಾಕ ಹೆಂಗಿದ್ದಳು?"

"ನಾ ಎಲ್ಲಿ ನೋಡೀನಿ, ತಮ್ಮಾ? ಫೋಟೋ ಇದ್ದದ್ದು ಕುದರೀದಷ್ಟ."

ಇಂದು ಅಲ್ಲಿ ಇಳಿಯುವವರು ನಿಲ್ದಾಣದ ಗೋಡೆಯ ಮೇಲೆ ಆ ಚಿತ್ರ ನೋಡುತ್ತಾರೆ. ಹಾರೆ ಹಿಡಿದ ಮೂವರಿಗೆ ಮುಖಗಳಿವೆ. ಕುದುರೆಗೆ ಹೆಗಲು ಕೊಟ್ಟು ನೂಕುತ್ತಿರುವ ನಾಲ್ಕನೆಯವಳ ಬೆನ್ನಷ್ಟೇ ಕಾಣುತ್ತದೆ.