ಸೂಜಿಗಲ್ಲು ಉತ್ತರಕ್ಕೆ ಮುಖ ಮಾಡಿದ್ದು

ನದಿಗಳಿಗೆ ತಮ್ಮ ದಾರಿ ಇನ್ನೂ ತಿಳಿಯದಿದ್ದ ಕಾಲವದು. ಗುಡ್ಡಗಳ ಮೈ ಇನ್ನೂ ಬೆಚ್ಚಗಿತ್ತು. ಕಲ್ಲಿಗೂ ಮಾತಿತ್ತು, ಗಾಳಿಗೂ ಮಾತಿತ್ತು. ಯಾರು ಬೇಕಾದರೂ ಯಾರನ್ನು ಬೇಕಾದರೂ ನಿಲ್ಲಿಸಿ ಕ್ಷೇಮ ಕೇಳಬಹುದಾಗಿತ್ತು.

ಆಗ ಭೂಮವ್ವ ನೆಲದ ಆಳದಲ್ಲಿದ್ದ ತನ್ನ ಮನೆಯಲ್ಲಿ ಕುಳಿತು ಕಡೆಯುತ್ತಿದ್ದಳು. ನಾವು ಮೊಸರು ಕಡೆಯುವಂತೆ ಅವಳು ಕರಗಿದ ಕಬ್ಬಿಣವನ್ನು ಕಡೆಯುತ್ತಿದ್ದಳು. ಕಡೆದಂತೆಲ್ಲ ಆ ಗಡಿಗೆಯಿಂದ ಒಂದು ಸೆಳೆತ ಏಳುತ್ತಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಗೆ ಸಿಗುತ್ತಿರಲಿಲ್ಲ. ದಕ್ಷಿಣದ ಹಿತ್ತಿಲ ಬಾಗಿಲಿನಿಂದ ಎಳೆ ಎಳೆಯಾಗಿ ಹೊರಟು, ಕಡಲು ದಾಟಿ, ಗುಡ್ಡಗಳ ಮೇಲೆ ಕಮಾನಿನಂತೆ ಬಾಗಿ, ಉತ್ತರದ ತಲೆಬಾಗಿಲಿನಿಂದ ಮತ್ತೆ ಮನೆಯೊಳಗೆ ಬರುತ್ತಿತ್ತು. ಹೊರಗೆ ಹೋದದ್ದು ಒಳಗೆ ಬಂದೇ ಬರಬೇಕು. ಅದು ಆ ಮನೆಯ ರೂಢಿ.

ಕಡೆಯುವ ಭರಕ್ಕೆ ಮನೆ ಅಲುಗಿ ತಲೆಬಾಗಿಲು ತುಸು ವಾರೆಯಾಗಿತ್ತು. "ಇರಲಿ ಬಿಡು, ಮುಂದೆ ಹುಟ್ಟುವ ಮಕ್ಕಳಿಗೆ ಗುರುತು ಸಿಕ್ಕರೆ ಸಾಕು" ಎಂದು ಭೂಮವ್ವ ಅದನ್ನು ಹಾಗೆಯೇ ಬಿಟ್ಟಿದ್ದಳು.

ಗಡಿಗೆಯ ಅಂಚಿನಿಂದ ಸಿಡಿದ ಹನಿಗಳೇ ಅವಳ ಮಕ್ಕಳಾದವು. ಮೊದಲು ಹುಟ್ಟಿದವರೆಲ್ಲ ಗಂಡುಮಕ್ಕಳು, ಕಬ್ಬಿಣದ ಗಟ್ಟಿಗಳು. ಎಲ್ಲರಿಗಿಂತ ಕೊನೆಗೆ ಹುಟ್ಟಿದವಳು ಒಬ್ಬ ಮಗಳು. ಕಪ್ಪಗೆ ಹೊಳೆಯುವ ಮೈ, ಮಾತು ಕಡಿಮೆ. ಅವಳಿಗೆ ಕರಿಯವ್ವ ಎಂದು ಹೆಸರಿಟ್ಟರು. ಅಣ್ಣಂದಿರು ಮನೆ ತುಂಬ ಉರುಳಾಡುತ್ತಿದ್ದರೆ ಕರಿಯವ್ವ ತಾಯಿಯ ಮೊಣಕಾಲಿಗೆ ಒರಗಿ ಕುಳಿತು ಕಡೆಯುವ ಸದ್ದು ಕೇಳುತ್ತಿದ್ದಳು.

ಮಕ್ಕಳು ಬಲಿತ ಮೇಲೆ ನೆಲದ ಮೇಲಕ್ಕೆ ಹೋಗಲೇಬೇಕು. ಮೊದಲು ಹೊರಟವರು ಗಂಡುಮಕ್ಕಳು.

"ನಿಲ್ಲಿರೋ, ಮಡಿಲು ತುಂಬಿ ಕಳಿಸುತ್ತೇನೆ" ಎಂದಳು ಭೂಮವ್ವ.

"ನಮಗ್ಯಾಕವ್ವ ಮಡಿಲು? ನಾವೇನು ಸೀರೆ ಉಟ್ಟಿದ್ದೇವೆಯೇ? ಕಂಡವರು ನಕ್ಕಾರು" ಎಂದ ದೊಡ್ಡಣ್ಣ. ಉಳಿದವರು ಅವನೊಡನೆ ನಕ್ಕರು. ನಗುತ್ತಲೇ ಬರಿಗೈಯಲ್ಲಿ ಹೊರಟುಹೋದರು.

ಕರಿಯವ್ವನನ್ನು ಕೆಂಪು ಗುಡ್ಡದ ಮನೆಗೆ ಕೊಟ್ಟಿದ್ದರು. ಅವಳು ಹೊರಡುವ ಹೊತ್ತಿಗೆ ಭೂಮವ್ವ ಕಡೆಗೋಲನ್ನು ಒಂದು ಗಳಿಗೆ ಬದಿಗಿಟ್ಟಳು. ಅಕ್ಕಿ, ಬೆಲ್ಲ, ಕೊಬ್ಬರಿ ಇನ್ನೂ ಹುಟ್ಟಿರದ ಕಾಲ. ತಾಯಿಯ ಹತ್ತಿರ ಇದ್ದದ್ದು ಆ ಸೆಳೆತವೊಂದೇ. ಅದನ್ನೇ ಬೊಗಸೆ ಬೊಗಸೆಯಾಗಿ ತೆಗೆದು ಮಗಳ ಮಡಿಲು ತುಂಬಿದಳು.

"ಒಂದು ಹಿಡಿ ಹಿಂದಕ್ಕೆ ಹಾಕಿ ಹೋಗು ಮಗಳೇ. ತವರು ಬರಿದಾಗಬಾರದು" ಎಂದಳು.

ಕರಿಯವ್ವ ಒಂದು ಹಿಡಿ ತೆಗೆದು ತಾಯಿಗೆ ಕೊಟ್ಟಳು. ಅಂದಿನಿಂದ ಅವಳ ಒಂದು ಕೈ ಕೊಡುವ ಕೈಯಾಯಿತು, ಇನ್ನೊಂದು ತೆಗೆದುಕೊಳ್ಳುವ ಕೈಯಾಯಿತು.

"ದೊಡ್ಡ ಬೆಂಕಿಯ ಹತ್ತಿರ ಕೂರಬೇಡ. ಮೇಲಿನಿಂದ ಬೀಳಬೇಡ. ಏಟು ತಿನ್ನಬೇಡ. ಮಡಿಲು ಚೆಲ್ಲಿಹೋದೀತು."

"ನಿನ್ನ ನೆನಪಾದರೆ ಏನು ಮಾಡಲವ್ವ?"

"ತಲೆಬಾಗಿಲಿನ ಕಡೆಗೆ ಮುಖ ಮಾಡು. ಕೊಡುವ ಕೈ ಆ ಕಡೆಗೆ ಚಾಚು. ನಾನು ಕಡೆಯುತ್ತಲೇ ಇರುತ್ತೇನೆ."

ಕೆಂಪು ಗುಡ್ಡದ ಮನೆ ಒಳ್ಳೆಯ ಮನೆ. ಮಾವ ಗುಡ್ಡಪ್ಪ ನಿದ್ದೆಗಣ್ಣಿನವನು, ಯಾರಿಗೂ ಗದರಿದವನಲ್ಲ. ಎದುರಿಗೆ ಒಂದು ಕೆರೆಯಿತ್ತು, ಕೆರೆಯ ದಂಡೆಗೆ ಒಂದು ಆಲದ ಮರವಿತ್ತು. ಆದರೂ ಕರಿಯವ್ವನಿಗೆ ಮಧ್ಯಾಹ್ನದ ಮೌನ ಮಾತ್ರ ರೂಢಿಯಾಗಲಿಲ್ಲ. ತವರಿನಲ್ಲಿ ಮೌನವೆಂಬುದೇ ಇರಲಿಲ್ಲ. ಅಲ್ಲಿ ಗಡಿಗೆಯ ಸದ್ದಿತ್ತು, ಬೆಚ್ಚನೆಯ ನೆಲವಿತ್ತು, ಒರಗಿಕೊಳ್ಳಲು ಒಂದು ಮೊಣಕಾಲಿತ್ತು. ನೆನಪು ಒತ್ತಿ ಬಂದಾಗ ಅವಳು ಉತ್ತರಕ್ಕೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದಳು. ಆಗ ಸೆಳೆತದ ಎಳೆಯೊಂದು ಬಂದು ಅವಳ ಒಂದು ಕೈಯನ್ನು ಸೋಕಿ, ಇನ್ನೊಂದು ಕೈಯಿಂದ ದಾಟಿ, ತವರಿನ ದಾರಿ ಹಿಡಿಯುತ್ತಿತ್ತು.

ಅಣ್ಣಂದಿರಿಗೆ ಅಷ್ಟೂ ಇರಲಿಲ್ಲ. ಅವರು ಕೆರೆಯಂಚಿನ ಮಣ್ಣಿನಲ್ಲಿ ಬಿದ್ದು, ಮಳೆಗೆ ನೆನೆದು, ತುಕ್ಕು ಹಿಡಿದು, ಹುಟ್ಟಿದ ಮನೆ ಯಾವ ದಿಕ್ಕಿಗಿದೆ ಎಂಬುದನ್ನೂ ಮರೆತಿದ್ದರು. ತಂಗಿ ಹತ್ತಿರ ಬಂದಾಗ ಮಾತ್ರ ಅವಳ ಮಡಿಲಿನ ವಾಸನೆ ಅವರನ್ನು ಎಬ್ಬಿಸುತ್ತಿತ್ತು. ಓಡಿ ಬಂದು ಅವಳನ್ನು ಅಂಟಿಕೊಳ್ಳುತ್ತಿದ್ದರು. ಹಿಂದಿನವರು ಮುಂದಿನವರ ಕೈ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು.

"ಈಗ ನೆನಪಾಯಿತು ನೋಡು. ಅವ್ವನ ಬಲಗೈ ಬಳೆ ಸೀಳು ಬಿಟ್ಟಿತ್ತು, ಅಲ್ಲವೇ?" ಎನ್ನುತ್ತಿದ್ದ ದೊಡ್ಡಣ್ಣ.

"ಎಡಗೈದು ಅಣ್ಣ" ಎಂದು ಕರಿಯವ್ವ ತಿದ್ದುತ್ತಿದ್ದಳು.

ಅವಳು ದೂರ ಹೋದ ಕೂಡಲೇ ಅವರಿಗೆ ಎಲ್ಲವೂ ಮತ್ತೆ ಮರೆತುಹೋಗುತ್ತಿತ್ತು. ಅಲ್ಲೇ ಬಿದ್ದಿದ್ದ ತಾಮ್ರ, ಬಂಗಾರದ ಗಟ್ಟಿಗಳು ಈ ಓಡಾಟ ನೋಡಿ ಮುಸಿಮುಸಿ ನಗುತ್ತಿದ್ದವು. ಅವು ಬೇರೆ ಮನೆಯ ಮಕ್ಕಳು. ಅವುಗಳಿಗೆ ಆ ವಾಸನೆ ತಿಳಿಯುವುದು ಹೇಗೆ?

ಪ್ರತಿ ಚಳಿಗಾಲ ಆ ಕೆರೆಗೆ ಉತ್ತರದ ಹಿಮದ ಸೀಮೆಯಿಂದ ಬಾತುಗಳು ಬರುತ್ತಿದ್ದವು. ಬಿಳಿಯ ತಲೆಯ ಮೇಲೆ ಕಪ್ಪು ಪಟ್ಟೆಯಿದ್ದ ದೊಡ್ಡ ಬಾತುಗಳು. ಬಿಸಿಲು ಏರುವ ಮುಂಚೆ ಅವು ಹಿಂದಿರುಗಿ ಹೋಗಿ ಹಿಮದ ಕೆರೆಯ ಬಳಿ ಮೊಟ್ಟೆಯಿಡುತ್ತಿದ್ದವು. ಹಗಲಲ್ಲಿ ಸೂರ್ಯನನ್ನು, ಇರುಳಲ್ಲಿ ಚುಕ್ಕಿಗಳನ್ನು ನೋಡಿಕೊಂಡೇ ಅವುಗಳ ಪಯಣ.

ಒಂದು ವರ್ಷ ರೆಕ್ಕೆ ನೊಂದ ಬಾತೊಂದು ಹಿಂದೆ ಉಳಿಯಿತು. ರೆಕ್ಕೆ ಮಾಗುವಷ್ಟರಲ್ಲಿ ಎಲ್ಲಿಯದೋ ಬೆಂಕಿಬೆಟ್ಟದ ಹೊಗೆ ಬಂದು ಆಕಾಶವನ್ನೆಲ್ಲ ಮುಚ್ಚಿತು. ಸೂರ್ಯನಿಲ್ಲ, ಚುಕ್ಕಿಯಿಲ್ಲ. ಬಾತು ದಂಡೆಯ ಮೇಲೆ ಅತ್ತಿಂದಿತ್ತ ನಡೆದಾಡುತ್ತಿತ್ತು.

"ಯಾಕೆ ತಂಗಿ, ನೀರಿಗೂ ಇಳಿಯಲೊಲ್ಲೆ, ಕೂರಲೂ ಒಲ್ಲೆ?" ಎಂದು ಕರಿಯವ್ವ ಕೇಳಿದಳು.

"ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿವೆ ಅಕ್ಕ. ಇಲ್ಲಿ ಇಟ್ಟರೆ ನಿಮ್ಮ ಬಿಸಿಲಿಗೆ ಬೆಂದುಹೋಗುತ್ತವೆ. ನನ್ನ ಊರು ಯಾವ ಕಡೆಗಿದೆ ಎಂಬುದೇ ತಿಳಿಯದಾಗಿದೆ."

"ನಿನ್ನ ತವರೂ ಉತ್ತರಕ್ಕೇ ಅಲ್ಲವೇ? ನನ್ನದೂ ಅಲ್ಲೇ. ಕುಳಿತು ಕುಳಿತು ಈಗೀಗ ನನ್ನ ಮೈ ನೆಲ ಹಿಡಿದಿದೆ, ತಿರುಗಲಾರೆ. ಯಾರಾದರೂ ಎತ್ತಿ ತೂಗಬಿಟ್ಟರೆ ದಿಕ್ಕು ತೋರಿಸುತ್ತೇನೆ."

ಆಲದ ಮರ ಒಂದು ಬಿಳಲನ್ನು ಇಳಿಸಿತು. ಬಾತು ಅದನ್ನು ಕೊಕ್ಕಿನಿಂದ ಕರಿಯವ್ವನ ನಡುವಿಗೆ ಸುತ್ತಿತು. ಮರ ಮೆಲ್ಲಗೆ ಮೇಲೆತ್ತಿತು. ಕರಿಯವ್ವ ಗಾಳಿಯಲ್ಲಿ ಒಮ್ಮೆ ಅತ್ತ ತೂಗಿದಳು, ಒಮ್ಮೆ ಇತ್ತ ತೂಗಿದಳು.

ತಂಗಿ ಮೇಲೇರಿದ ಸುದ್ದಿ ಗಾಳಿಯಿಂದ ಅಣ್ಣಂದಿರಿಗೆ ಮುಟ್ಟಿತು. ಅವಳು ಬಿದ್ದುಗಿದ್ದಾಳೆಂದು ಗಾಬರಿಯಾಗಿ, ಹಿಡಿದುಕೊಳ್ಳಲು ಅವರೆಲ್ಲರೂ ಉರುಳಿ ಬಂದು ಮರದ ಪಡುವಣ ಬದಿಯಲ್ಲಿ ಗುಂಪಾಗಿ ನಿಂತರು. ಅಣ್ಣಂದಿರು ಅಷ್ಟು ಹತ್ತಿರ ಬಂದು ನಿಂತರೆ ಅವರತ್ತ ಮುಖ ತಿರುಗಿಸದ ತಂಗಿ ಯಾರಿದ್ದಾಳೆ? ಅವಳಿಗೇ ತಿಳಿಯದಂತೆ ಕರಿಯವ್ವ ಪಡುವಣಕ್ಕೆ ಹೊರಳಿ ನಿಂತಳು.

"ಇದೇ ದಿಕ್ಕು" ಎಂದು ಬಾತು ಹಾರಿಹೋಯಿತು.

ಕೆಲವು ದಿನಗಳ ಮೇಲೆ ಅದು ಹಿಂದಿರುಗಿ ಬಂತು. ಗರಿಗಳಲ್ಲಿ ಉಪ್ಪಿತ್ತು.

"ಉಪ್ಪುನೀರು ಬಿಟ್ಟರೆ ಅಲ್ಲಿ ಬೇರೇನಿಲ್ಲ ಅಕ್ಕ. ನಿನ್ನ ತವರು ಕಡಲಲ್ಲಿದೆಯೇ?"

ಕರಿಯವ್ವನಿಗೆ ನಾಚಿಕೆಯಾಯಿತು. ಅಣ್ಣಂದಿರನ್ನು ನೋಡಿದಳು, ಆಗ ಅವಳಿಗೆ ಎಲ್ಲವೂ ಹೊಳೆಯಿತು.

"ಅಣ್ಣ, ಸ್ವಲ್ಪ ಹೊತ್ತು ಗುಡ್ಡದ ಆಚೆಗೆ ಹೋಗಿರಿ. ನೀವು ಹತ್ತಿರ ಇದ್ದರೆ ನನಗೆ ಅವ್ವನ ಕರೆ ಸರಿಯಾಗಿ ಕೇಳುವುದಿಲ್ಲ."

"ಕಾಯಲು ಬಂದವರನ್ನೇ ಓಡಿಸುತ್ತೀಯಾ?" ಎಂದು ದೊಡ್ಡಣ್ಣ ಗೊಣಗಿದ. ಆದರೂ ಎಲ್ಲರನ್ನೂ ಕರೆದುಕೊಂಡು ಹೋದ. ಅವರು ದೂರವಾದ ಮೇಲೆ ಕರಿಯವ್ವ ಮತ್ತೆ ತೂಗಿ, ತಡವರಿಸಿ, ಉತ್ತರಕ್ಕೆ ಮುಖ ಮಾಡಿ ನಿಂತಳು.

ಬಾತು ಮಾತ್ರ ಹಾರಲಿಲ್ಲ. "ಹೊಗೆಯೊಳಗೆ ಹೊಕ್ಕ ಮೇಲೆ ನೀನು ಕಾಣುವುದಿಲ್ಲ. ಗಾಳಿ ಬದಿಗೆ ತಳ್ಳಿದರೆ ನನಗೆ ತಿಳಿಯುವುದಿಲ್ಲ. ಇನ್ನೊಂದು ಸಲ ದಾರಿ ತಪ್ಪಿ ಬರುವಷ್ಟು ಶಕ್ತಿ ನನಗಿಲ್ಲ ಅಕ್ಕ. ಮೊಟ್ಟೆಗಳೂ ಕಾಯುವುದಿಲ್ಲ."

ಕರಿಯವ್ವ ತನ್ನ ಅಂಚನ್ನು ನೋಡಿಕೊಂಡಳು. ಬಾತಿನ ಜೊತೆಗೆ ದಿಕ್ಕು ಹೋಗಬೇಕಾದರೆ ಅವಳಿಂದ ಒಂದು ಚೂರು ಹೋಗಬೇಕು. ಚೂರು ಹೋಗಬೇಕಾದರೆ ಅವಳು ಏಟು ತಿನ್ನಬೇಕು. ಏಟು ತಿಂದರೆ ಮಡಿಲು ಚೆಲ್ಲಬಹುದು. ಚೆಲ್ಲಿದರೆ ತವರಿನ ಕಡೆಯಿಂದ ಅವಳಿಗೆ ಉಳಿಯುವುದು ಏನೂ ಇಲ್ಲ.

ಕೊನೆಗೆ ದೊಡ್ಡಣ್ಣನೊಬ್ಬನನ್ನು ಕರೆಸಿದಳು. "ನನ್ನ ಅಂಚಿಗೆ ಒಂದು ಏಟು ಹಾಕು."

"ನನ್ನಿಂದಾಗದು" ಎಂದ ಅವನು. "ನಿನ್ನ ಮಡಿಲು ಚೆಲ್ಲಿದರೆ ನಾವು ಅವ್ವನ ನೆನಪನ್ನು ಎಲ್ಲಿಂದ ತರೋಣ? ನಮ್ಮದನ್ನಂತೂ ನಾವೇ ಬೇಡವೆಂದು ಬಂದೆವು."

"ಕಟ್ಟಿಕೊಂಡೇ ಕೂರುವುದಾದರೆ ಅವ್ವ ನನಗೆ ಕೊಡುವ ಕೈಯನ್ನು ಯಾಕೆ ಕೊಟ್ಟಳು ಅಣ್ಣ? ಈ ಬಾತು ತನ್ನ ಮನೆ ಮುಟ್ಟಲಿ. ಒಂದೇ ಏಟು, ಮೆಲ್ಲಗೆ."

ದೊಡ್ಡಣ್ಣ ಕಣ್ಣು ಮುಚ್ಚಿಕೊಂಡು ಹೊಡೆದ. ಟಣ್ ಎಂದು ಸದ್ದಾಯಿತು. ಸಾಸಿವೆಗಿಂತ ದೊಡ್ಡದಲ್ಲದ ಒಂದು ಚೂರು ಹುಲ್ಲಿನ ಮೇಲೆ ಬಿತ್ತು.

ಕರಿಯವ್ವನಿಗೆ ತನ್ನ ಮಡಿಲು ಮುಟ್ಟಿ ನೋಡಿಕೊಳ್ಳಲು ಧೈರ್ಯ ಬರಲಿಲ್ಲ. ಬಾತು ಚೂರನ್ನು ಎತ್ತಿ ಅವಳ ಕೊಡುವ ಕೈಯ ಬಳಿಗೆ ತಂದಿತು.

"ತಗೋ ಅಕ್ಕ, ನಿನ್ನ ಗಾಯ ಮುಚ್ಚಿಕೋ. ನನಗಾಗಿ ನೀನು ಬರಿದಾಗುವುದು ಬೇಡ."

ಆಗ ಒಂದು ಸೋಜಿಗ ನಡೆಯಿತು. ಚೂರು ಕರಿಯವ್ವನ ಹತ್ತಿರ ಬರಲೊಲ್ಲದು. ಕರಿಯವ್ವನ ಕೈ "ನೀನೇ ಇಟ್ಟುಕೋ" ಎಂದು ಚೂರನ್ನು ತಳ್ಳಿತು. ಚೂರಿನ ಪುಟ್ಟ ಕೈಯೂ "ಬೇಡ, ನೀನೇ ಇಟ್ಟುಕೋ" ಎಂದು ಅವಳನ್ನು ತಳ್ಳಿತು. ಹೊಸಿಲಲ್ಲಿ ನಿಂತ ಅಕ್ಕತಂಗಿಯರ ಹಾಗೆ ಇಬ್ಬರೂ ಬಿಟ್ಟುಕೊಡಲಿಲ್ಲ.

"ಎಲಾ, ಇದಕ್ಕೂ ಕೊಡುವ ಕೈ ಇದೆ" ಎಂದ ದೊಡ್ಡಣ್ಣ.

ಬಾತು ಚೂರನ್ನು ತಿರುಗಿಸಿ ಹಿಡಿಯಿತು. ಈಗ ಅದು ತನ್ನ ಇನ್ನೊಂದು ಕೈ ಚಾಚಿ ಕರಿಯವ್ವನನ್ನು ಟಪ್ಪನೆ ಅಪ್ಪಿಕೊಂಡಿತು. ಸಾಸಿವೆಯಷ್ಟು ಚೂರಿಗೆ ಕೊಡುವ ಕೈಯೂ ಇತ್ತು, ತೆಗೆದುಕೊಳ್ಳುವ ಕೈಯೂ ಇತ್ತು. ಕರಿಯವ್ವ ಮೆಲ್ಲಗೆ ತನ್ನ ಮಡಿಲು ಮುಟ್ಟಿಕೊಂಡಳು. ಮಡಿಲು ಚೆಲ್ಲಿರಲಿಲ್ಲ, ಅವಳ ಎರಡು ಕೈಗಳೂ ಹಾಗೆಯೇ ಇದ್ದವು. ಭೂಮವ್ವ ಮಗಳ ಮೈಯ ಕಣಕಣದಲ್ಲೂ ಮಡಿಲು ತುಂಬಿ ಕಳಿಸಿದ್ದಳು.

ಬಾತು ಆ ಚೂರನ್ನು ಕೊಕ್ಕಿನ ಬುಡದಲ್ಲಿ ಅಡಗಿಸಿಕೊಂಡು ಹೊಗೆಯೊಳಕ್ಕೆ ಹಾರಿತು. ಗಾಳಿ ಬದಿಗೆ ತಳ್ಳಿದಾಗಲೆಲ್ಲ ಚೂರು ಒಳಗಿನಿಂದ ತುಸುವೇ ಜಗ್ಗುತ್ತಿತ್ತು. ಬಾತು ಮತ್ತೆ ಸರಿದಾರಿಗೆ ಹೊರಳುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ಅದು ಮರಿಗಳೊಡನೆ ಬಂದಿಳಿಯಿತು. ಮರಿಗಳ ಕೊಕ್ಕಿನ ಬುಡದಲ್ಲೂ ಆ ಚೂರಿನ ಒಂದೊಂದು ಕಣವಿತ್ತು. ಒಂದು ಮರಿ ಕರಿಯವ್ವನ ಸುತ್ತ ತಿರುಗಿ, ಅವಳ ಮುಕ್ಕಾದ ಅಂಚನ್ನು ಕುಕ್ಕಿ ನೋಡಿತು.

"ಇದು ಯಾರವ್ವ?"

"ನಿಮ್ಮ ದೊಡ್ಡವ್ವ. ಕೊಕ್ಕು ತೆಗೆ, ನೋವಾದೀತು" ಎಂದಿತು ತಾಯಿ ಬಾತು.

ಎಷ್ಟೋ ಕಾಲದ ಮೇಲೆ ಮನುಷ್ಯರು ಬಂದರು. ಕಳೆದ ಸೂಜಿಗಳು ತಾವಾಗಿ ಕರಿಯವ್ವನಿಗೆ ಅಂಟಿಕೊಳ್ಳುವುದನ್ನು ಕಂಡು ಅವಳನ್ನು ಸೂಜಿಗಲ್ಲು ಎಂದು ಕರೆದರು. ಸೂಜಿಗಳೂ ಆ ಅಣ್ಣಂದಿರ ಮೊಮ್ಮಕ್ಕಳೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆದ್ದರಿಂದಲೇ ಮಗೂ, ಇಂದಿಗೂ ಚಳಿ ಬಿದ್ದೊಡನೆ ಬಾತುಗಳು ಯಾರನ್ನೂ ದಾರಿ ಕೇಳದೆ ಕೆರೆಗೆ ಬಂದಿಳಿಯುತ್ತವೆ; ನೀನು ಸೂಜಿಗಲ್ಲಿಗೆ ದಾರ ಕಟ್ಟಿ ತೂಗಬಿಟ್ಟರೆ ಅದು ಉತ್ತರಕ್ಕೆ ತಿರುಗಿ ನಿಲ್ಲುತ್ತದೆ, ಕೈಜಾರಿ ಬಿದ್ದು ಒಡೆದರೆ ಅದರ ಒಂದೊಂದು ಚೂರೂ ತನ್ನ ಪಾಡಿಗೆ ತಾನು ತವರಿನ ದಿಕ್ಕನ್ನು ಹುಡುಕಿಕೊಳ್ಳುತ್ತದೆ.